ಬಂಗಾರಪೇಟೆಯ ಬಂಗಾರ

ಸ್ಥಳನಾಮಗಳನ್ನು ಕುರಿತ ವಿದ್ಯಾರ್ಥಿಗಳ ಬರಹಗಳಲ್ಲಿ ಬಂಗಾರಪೇಟೆಯನ್ನು ‘ಬಂಗಾರ’, ‘ಪೇಟೆ’ ಎಂದು ಬಿಡಿಸಿ, ಚಿನ್ನದ ಗಣಿಗಳಿಗೆ ನೆರೆಯಾದುದರಿಂದ ಈ ಹೆಸರು ಬಂದಿತೆಂದು ಮುಗಿಸುವುದನ್ನು ಮತ್ತೆ ಮತ್ತೆ ಕಾಣುತ್ತೇವೆ. ಊರಿಗಾಂ, ಮಾರಿಕುಪ್ಪಂಗಳಿಗೆ ಹೋಗುವ ರೈಲುಹಳಿ ಕವಲೊಡೆಯುವುದು ಅಲ್ಲಿಯೇ ಆದ್ದರಿಂದ ಊಹೆ ಸಹಜವೆನಿಸುತ್ತದೆ. ಆದರೆ ಕಾಲಾನುಕ್ರಮ ಇದಕ್ಕೆ ಒಪ್ಪುವುದಿಲ್ಲ.

1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೆಂಥಮ್ ಬೌರಿಂಗ್‌ನಿಂದಾಗಿ ಅದು ಬೌರಿಂಗ್‌ಪೇಟೆ. ಮದ್ರಾಸಿನ ಕಡೆಯ ರೈಲು ಬೆಂಗಳೂರನ್ನು ಮುಟ್ಟಿದ್ದು 1864ರಲ್ಲಿ. ಪೇಟೆ ಬೆಳೆದದ್ದು ಆ ಹಳಿಯ ಮಗ್ಗುಲಲ್ಲಿ. ಊರಿಗಾಂ ಸುತ್ತಿನ ಹಳ್ಳಿಗರು ಮಣ್ಣು ತೊಳೆದು ಹೊನ್ನು ತೆಗೆಯುತ್ತಿದ್ದುದನ್ನು ವಾರನ್ ಎಂಬ ಸೇನಾಧಿಕಾರಿ 1802ರಲ್ಲಿಯೇ ಕಂಡಿದ್ದನು, ನಿಜ. ಆದರೆ ಊರಿಗಾಂ ಹೆಸರಿನ ಗಣಿ ಕಂಪನಿ ಹುಟ್ಟಿದ್ದು 1880ರಲ್ಲಿ, ಬೌರಿಂಗ್ ಅಧಿಕಾರ ಬಿಟ್ಟು ಹತ್ತು ವರ್ಷಗಳಾದ ಮೇಲೆ. ನಿಲ್ದಾಣದ ಸಂಕೇತಾಕ್ಷರಗಳು ಇಂದಿಗೂ ಬಿ.ಡಬ್ಲ್ಯು.ಟಿ.; ಹಳೆಯ ಹೆಸರಿಗೆ ಇದಕ್ಕಿಂತ ಸುಲಭವಾಗಿ ಓದಬಹುದಾದ ಶಾಸನ ಬೇಕಿಲ್ಲ.

ಹಾಗೆಂದು ‘ಬಂಗಾರಪೇಟೆ’ಯನ್ನು ಬರಿಯ ಅಪಭ್ರಂಶವೆಂದು ತಳ್ಳಿಹಾಕುವುದನ್ನೂ ನಾನು ಒಪ್ಪಲಾರೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಉಳಿದ ಬೌರಿಂಗ್ ಇಲ್ಲಿ ಮಾತ್ರ ಏಕೆ ಕರಗಿದನು? ‘ಬೌರಿಂಗ್’ನ ಬಕಾರ, ರೇಫ, ಅನುನಾಸಿಕ, ಗಕಾರಗಳೆಲ್ಲ ‘ಬಂಗಾರ’ದಲ್ಲಿವೆ; ಸ್ಥಾನಪಲ್ಲಟವಷ್ಟೇ ನಡೆದಿದೆ. ಮೇಲಾಗಿ ಈ ಶಬ್ದ ಆಗಲೇ ವ್ಯಕ್ತಿನಾಮವಾಗಿತ್ತು: ನಮ್ಮಲ್ಲಿ ಬಂಗಾರಪ್ಪ, ಬಂಗಾರಮ್ಮ, ತೆಲುಗರಲ್ಲಿ ವೆಂಕಟಗಿರಿಯ ಬಂಗಾರು ಯಾಚಮ ನಾಯಕ. ಗಡಿಯಾಚೆ ಚಿತ್ತೂರು ಜಿಲ್ಲೆಯಲ್ಲಿ ಬಂಗಾರುಪಾಳ್ಯಂ ಇದೆ. ಒಬ್ಬ ಮನುಷ್ಯನ ಹೆಸರಿದ್ದ ಕಡೆ, ಮನುಷ್ಯರ ಹೆಸರೇ ಆಗಿದ್ದ ಇನ್ನೊಂದು ಶಬ್ದ ಬಂದು ಕುಳಿತಿತು. ಗಣಿಗಳ ವೈಭವ ಅದನ್ನು ಗಟ್ಟಿಮಾಡಿರಬೇಕು. ನೆರೆಯ ರಾಬರ್ಟ್‌ಸನ್‌ಪೇಟೆಗೆ ಈ ಭಾಗ್ಯವಿಲ್ಲ. ಆ ಹೆಸರಿನೊಳಗೆ ನಮ್ಮ ನಾಲಗೆಗೆ ಹಿಡಿತ ಸಿಗುವ ಶಬ್ದವಿರಲಿಲ್ಲ.

ಇನ್ನು ‘ಬಂಗಾರ’ವಾದರೂ ಮೂಲದಲ್ಲಿ ಬರಿಯ ಲೋಹವಲ್ಲ. ಅದು ಸಂಸ್ಕೃತದ ‘ಭೃಂಗಾರ’ದ ತದ್ಭವ, ಭೃಂಗಾರವೆಂದರೆ ಹೊನ್ನಿನ ಗಿಂಡಿ. ದಿಗಂಬರ ಸಂಪ್ರದಾಯದ ಅಷ್ಟಮಂಗಲಗಳಲ್ಲಿ ಕಲಶ, ದರ್ಪಣಗಳ ಜೊತೆ ಅದೂ ಒಂದು. ಪಾತ್ರೆಯ ಹೆಸರು ಲೋಹಕ್ಕೂ, ಲೋಹದ ಹೆಸರು ಮನುಷ್ಯರಿಗೂ ಬಂದಿತು. ತುಳುನಾಡಿನ ಜೈನ ಅರಸರಾದ ‘ಬಂಗ’ರನ್ನೂ ‘ಬಂಗೇರ’ ಎಂಬ ಕುಲನಾಮವನ್ನೂ ಧ್ವನಿಸಾಮ್ಯವೊಂದನ್ನೇ ನಂಬಿ ಇಲ್ಲಿಗೆ ಎಳೆತರಬಾರದು.

ಸಂಶೋಧಕರಿಗೆ ಉಳಿದಿರುವ ಕೆಲಸ ಬೇರೆ. ಬೌರಿಂಗ್ ಬಂಗಾರವಾದ ಬಗೆಯನ್ನು ಹಳೆಯ ಕ್ರಯಪತ್ರಗಳಲ್ಲಿ, ಅಂಚೆಯ ಮುದ್ರೆಗಳಲ್ಲಿ, ಆ ಊರಿನ ಮದುವೆಯ ಕರೆಯೋಲೆಗಳಲ್ಲಿ ವರ್ಷವರ್ಷವಾಗಿ ಹುಡುಕಬೇಕು. ಕನ್ನಡದವುಗಳಲ್ಲಿ ಮಾತ್ರವಲ್ಲ, ತೆಲುಗು, ತಮಿಳು, ಉರ್ದುವಿನವುಗಳಲ್ಲಿಯೂ.