ಜತ್ತದ ಬಿಸಿಲು ಮತ್ತು ಬ್ಯಾಟರಿಯ ಲೆಕ್ಕ

ಸಾಂಗಲಿ ಜಿಲ್ಲೆಯ ಜತ್ತ ತಾಲೂಕು ನಮ್ಮ ಓದುಗರಿಗೆ ಅಪರಿಚಿತವಲ್ಲ. ನೀರಿಲ್ಲದೆ ಬೇಸತ್ತು ಕರ್ನಾಟಕಕ್ಕೆ ಸೇರುತ್ತೇವೆಂದು ಅಲ್ಲಿನ ಕನ್ನಡ ಹಳ್ಳಿಗಳು ಹಿಂದೆ ಮಾಡಿದ್ದ ಠರಾವು 2022ರ ಕೊನೆಯಲ್ಲಿ ಮತ್ತೆ ಸುದ್ದಿಯಾಗಿತ್ತು. ಮಳೆಗೆ ಜಿಪುಣವಾದ ಆ ಆಕಾಶ ಬಿಸಿಲಿಗೆ ಮಾತ್ರ ಧಾರಾಳಿ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನವೂ ಉಂಟು.

ಆದರೆ ಮಾಡಿನ ಮೇಲೆ ಫಲಕವಿದ್ದ ಮಾತ್ರಕ್ಕೆ ಕರೆಂಟು ಹೋದಾಗ ದೀಪ ಉರಿಯದು. ಲೈನಿಗೆ ಜೋಡಿಸಿದ ಸಾಮಾನ್ಯ ಸೌರ ಇನ್ವರ್ಟರು, ಕಂಬವೇರಿ ದುರಸ್ತಿ ಮಾಡುವವನ ಪ್ರಾಣರಕ್ಷಣೆಗಾಗಿ, ಲೈನು ಸತ್ತೊಡನೆ ತಾನೂ ನಿಲ್ಲುತ್ತದೆ. ನಡುಮಧ್ಯಾಹ್ನವಾದರೂ ಫ್ಯಾನು ತಿರುಗದು! ಅದಕ್ಕೆ ಬ್ಯಾಟರಿಯೂ ಹೈಬ್ರಿಡ್ ಇನ್ವರ್ಟರೂ ಬೇಕು. ಸಹಾಯಧನದ ಲೆಕ್ಕವೋ ಫಲಕದ ಕಿಲೋವಾಟಿನದು.

12 ವೋಲ್ಟಿನ 150 ಆಂಪಿಯರ್-ಅವರ್ ಸೀಸದ ಬ್ಯಾಟರಿಯಲ್ಲಿ 1.8 ಯೂನಿಟ್ ಇದ್ದರೂ, ಅದು ಬಾಳಬೇಕಾದರೆ ಅರ್ಧವನ್ನಷ್ಟೇ ತೆಗೆಯಬೇಕು. 100ರ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಬೆಲೆ ಹೆಚ್ಚಾದರೂ, 1 ಯೂನಿಟನ್ನು ನಿರಾಯಾಸವಾಗಿ ಕೊಡುತ್ತದೆ: ಎರಡು ಫ್ಯಾನು, ನಾಲ್ಕು ಎಲ್‌ಇಡಿ ದೀಪಗಳಿಗೆ ಸುಮಾರು ಐದು ತಾಸು. ಹಳೆಯ ಇನ್ವರ್ಟರಿಗೆ ಅದನ್ನು ಜೋಡಿಸುವುದಾದರೆ ಲಿಥಿಯಂ ಚಾರ್ಜಿಂಗ್ ವ್ಯವಸ್ಥೆ ಉಂಟೇ ಎಂದು ಮೊದಲು ವಿಚಾರಿಸಬೇಕು. ಕಾದ ತಗಡಿನ ಕೆಳಗಂತೂ ಇಡಕೂಡದು. ಸೆಕೆ ಅದರ ಆಯುಷ್ಯವನ್ನು ತಿನ್ನುತ್ತದೆ.

ಗ್ಯಾರಂಟಿ ಪತ್ರ ಕನ್ನಡದಲ್ಲಿ ಸಿಗುವುದು ಜತ್ತದಲ್ಲಿಯೂ ಕಷ್ಟ, ಕಾಸರಗೋಡಿನಲ್ಲಿಯೂ ಕಷ್ಟ. ಎಷ್ಟು ವರ್ಷ, ಎಷ್ಟು ಸಲದ ಚಾರ್ಜಿಗೆ ಹೊಣೆ ಎಂಬುದನ್ನು ಬಲ್ಲವರಿಂದ ಓದಿಸಿಕೊಂಡ ಮೇಲೆಯೇ ಮುಂಗಡ ಕೊಡುವುದು ಲೇಸು.