ಮೂವರು ಅಕ್ಕತಂಗಿಯರು ಮತ್ತು ಒಂದು ಹಳೆಯ ಆರೋಪ

ಅಮೆರಿಕದ ಡಬ್ಲ್ಯೂಬಿ ವಾಹಿನಿಯಲ್ಲಿ 1998ರಿಂದ 2006ರವರೆಗೆ ಪ್ರಸಾರವಾದ ‘ಚಾರ್ಮ್ಡ್’ ಧಾರಾವಾಹಿಯನ್ನು ಸ್ತ್ರೀಶಕ್ತಿಯ ಕಥೆಯೆಂದು ಕೊಂಡಾಡುವವರು ಇವತ್ತಿಗೂ ಇದ್ದಾರೆ. ಎಂಟು ಸೀಸನ್, 178 ಕಂತು. ಸ್ಯಾನ್ ಫ್ರಾನ್ಸಿಸ್ಕೋದ ಹಳೆಯ ಮನೆಯೊಂದರಲ್ಲಿ ಪ್ರೂ, ಪೈಪರ್, ಫೀಬಿ ಎಂಬ ಮೂವರು ಅಕ್ಕತಂಗಿಯರು. ಅಟ್ಟದ ಮೇಲೆ ಮಂತ್ರದ ಪುಸ್ತಕ ಸಿಗುತ್ತದೆ, ತಾವು ಹುಟ್ಟು ಮಾಟಗಾತಿಯರೆಂದು ಗೊತ್ತಾಗುತ್ತದೆ. ಒಬ್ಬಳು ಮುಟ್ಟದೆಯೇ ವಸ್ತುಗಳನ್ನು ಎಸೆಯಬಲ್ಲಳು, ಒಬ್ಬಳು ಕಾಲವನ್ನು ನಿಲ್ಲಿಸಬಲ್ಲಳು, ಒಬ್ಬಳು ಮುಂದಾಗುವುದನ್ನು ಕಾಣಬಲ್ಲಳು. ಗಂಡಸರು ಇಲ್ಲಿ ಪಕ್ಕದ ಪಾತ್ರಗಳು. ಕೆಲಸ, ಅಡುಗೆ, ಪ್ರೇಮ, ಜಗಳ ಎಲ್ಲದರ ನಡುವೆ ಜಗತ್ತನ್ನು ಉಳಿಸುವವರು ಹೆಂಗಸರು. ಈ ಹೊಗಳಿಕೆಯಲ್ಲಿ ಸುಳ್ಳೇನೂ ಇಲ್ಲ.

ನನ್ನ ತಕರಾರು ಬೇರೆ. ಈ ಅಕ್ಕತಂಗಿಯರ ಶಕ್ತಿ ಎಲ್ಲಿಂದ ಬಂತು? ಮೆಲಿಂಡಾ ವಾರೆನ್ ಎಂಬ ಪೂರ್ವಜೆಯಿಂದ. 1692ರಲ್ಲಿ ಸೇಲಂನಲ್ಲಿ ಅವಳನ್ನು ಕಂಬಕ್ಕೆ ಕಟ್ಟಿ ಸುಟ್ಟರಂತೆ. ಸೇಲಂನಲ್ಲಿ ಯಾರನ್ನೂ ಸುಡಲಿಲ್ಲ. ಇಂಗ್ಲಿಷ್ ಕಾನೂನಿನ ಪ್ರಕಾರ 19 ಜನರನ್ನು ಗಲ್ಲಿಗೇರಿಸಿದರು. ಅವರಲ್ಲಿ 14 ಮಂದಿ ಹೆಂಗಸರು. ಜೈಲ್ಸ್ ಕೋರಿ ಎಂಬ ಮುದುಕನ ಮೇಲೆ ಕಲ್ಲು ಹೇರಿ ಕೊಂದರು. ಇದು ಸಣ್ಣ ತಪ್ಪು, ಬಿಡೋಣ. ದೊಡ್ಡ ತಪ್ಪು ಮುಂದಿದೆ: ಧಾರಾವಾಹಿಯ ಪ್ರಕಾರ ಮೆಲಿಂಡಾ ನಿಜಕ್ಕೂ ಮಾಟಗಾತಿಯಾಗಿದ್ದಳು! ಅಂದರೆ ನ್ಯಾಯಾಧೀಶರು ಹೇಳಿದ್ದು ನಿಜವೇ ಆಗಿತ್ತು. ಅವಳು ಒಳ್ಳೆಯ ಮಾಟಗಾತಿ ಎಂಬುದೊಂದು ಅವರಿಗೆ ತಿಳಿಯಲಿಲ್ಲ, ಅಷ್ಟೇ.

ಸೇಲಂನಲ್ಲಿ ನಿಜವಾಗಿಯೂ ಮೂವರು ಅಕ್ಕತಂಗಿಯರಿದ್ದರು: ರೆಬೆಕ್ಕಾ ನರ್ಸ್, ಮೇರಿ ಈಸ್ಟಿ, ಸಾರಾ ಕ್ಲಾಯ್ಸ್. ಟೌನ್ ಎಂಬ ಮನೆತನದ ಹೆಣ್ಣುಮಕ್ಕಳು. ರೆಬೆಕ್ಕಾಗೆ 71 ವರ್ಷ, ಕಿವಿ ಮಂದ. ಆಕೆ ಒಳ್ಳೆಯವಳೆಂದು 39 ನೆರೆಹೊರೆಯವರು ಸಹಿ ಹಾಕಿ ಕೊಟ್ಟರು. ಜ್ಯೂರಿ ಮೊದಲು ನಿರಪರಾಧಿ ಎಂದೇ ಹೇಳಿತು. ಆರೋಪ ಹೊರಿಸಿದ ಹುಡುಗಿಯರು ಕಿರುಚಾಡಿದರು, ಮುಖ್ಯ ನ್ಯಾಯಾಧೀಶ ಸ್ಟೌಟನ್ ಮತ್ತೊಮ್ಮೆ ಯೋಚಿಸಿ ಎಂದ. ಜ್ಯೂರಿ ಕೇಳಿದ ಪ್ರಶ್ನೆಗೆ ಮುದುಕಿ ಉತ್ತರಿಸಲಿಲ್ಲ, ತೀರ್ಪು ತಿರುಗಿತು. 1692ರ ಜುಲೈ 19ರಂದು ಗಲ್ಲು. ಮೇರಿಯನ್ನು ಬಂಧಿಸಿ, ಬಿಟ್ಟು, ಎರಡೇ ದಿನದಲ್ಲಿ ಮತ್ತೆ ಬಂಧಿಸಿ ಸೆಪ್ಟೆಂಬರ್ 22ರಂದು ನೇಣು ಹಾಕಿದರು. ಸಾರಾ ಒಬ್ಬಳು ಬದುಕಿ ಉಳಿದಳು.

ಈ ಮೂವರ ವಿರುದ್ಧ ಪುಟ್ನಮ್ ಮನೆಯವರು ಕೊಟ್ಟ ಹೇಳಿಕೆಗಳಲ್ಲಿ ಒಂದು ಮಾತು ಬರುತ್ತದೆ: ಇವರು ಮಾಟಗಾತಿಯರಾದರೆ ಆಶ್ಚರ್ಯವೇನು, ಇವರ ತಾಯಿಯೂ ಅದೇ ಅಲ್ಲವೇ ಎಂದು. ತಾಯಿಯಿಂದ ಮಗಳಿಗೆ ರಕ್ತದಲ್ಲಿ ಹರಿದು ಬರುವ ಮಾಟ. ‘ಚಾರ್ಮ್ಡ್’ನ ಇಡೀ ಕಥೆ ನಿಂತಿರುವುದು ಇದೇ ನಂಬಿಕೆಯ ಮೇಲೆ. ಪುಟ್ನಮ್‌ರ ಚಾಡಿಮಾತು ಇಲ್ಲಿ ವಂಶದ ಹೆಮ್ಮೆಯಾಗಿದೆ.

ಬೈಗುಳವನ್ನೇ ಬಿರುದಾಗಿಸಿಕೊಳ್ಳುವುದು ಪ್ರತಿರೋಧದ ಹಾದಿಯಲ್ಲವೇ ಎಂದು ನೀವು ಕೇಳಬಹುದು. ಹೌದು, ಬೈಸಿಕೊಂಡವರೇ ಹಾಗೆ ಮಾಡಿದಾಗ. ಸೇಲಂನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ತಾನು ಮಾಟಗಾತಿ ಎಂದು ಒಪ್ಪಿಕೊಂಡವರನ್ನು ನೇಣಿಗೆ ಹಾಕಲಿಲ್ಲ. ಟಿಟುಬಾ ಒಪ್ಪಿಕೊಂಡಳು, ಬದುಕಿದಳು. ನೇಣಿಗೇರಿದ 19 ಜನರೂ ಒಪ್ಪದೆ ನಿಂತವರು. ಒಂದು ಸುಳ್ಳು ಹೇಳಿದ್ದರೆ ರೆಬೆಕ್ಕಾ ಮೊಮ್ಮಕ್ಕಳ ನಡುವೆ ಸಾಯುತ್ತಿದ್ದಳು. ಅವಳು ಜೀವ ತೆತ್ತು ಉಳಿಸಿಕೊಂಡದ್ದು ‘ಅಲ್ಲ’ ಎಂಬ ಒಂದು ಮಾತನ್ನು. ಮುನ್ನೂರು ವರ್ಷಗಳ ನಂತರ ಅವಳ ಪರವಾಗಿ ‘ಹೌದು’ ಎನ್ನಲು ಈ ಧಾರಾವಾಹಿಗೆ ಅಧಿಕಾರ ಕೊಟ್ಟವರು ಯಾರು?

ಇನ್ನೊಂದು ವಾದ: ಇದು ಬರೀ ಫ್ಯಾಂಟಸಿ. ಸರಿ, ಆದರೆ ಫ್ಯಾಂಟಸಿಗೆ ಸೇಲಂ ಬೇಕಿರಲಿಲ್ಲ. ಇಲ್ಲದ ಊರೊಂದನ್ನು ಕಟ್ಟಿಕೊಳ್ಳಬಹುದಿತ್ತು. ಊರು ಮತ್ತು ಇಸವಿಯನ್ನು ಇತಿಹಾಸದಿಂದ ಎತ್ತಿಕೊಂಡ ಮೇಲೆ ಅಲ್ಲಿ ಸತ್ತವರಿಗೂ ಉತ್ತರ ಹೇಳಬೇಕಾಗುತ್ತದೆ. ಅಲ್ಲದೆ ಈ ಫ್ಯಾಂಟಸಿ ಕೆಲಸ ಮಾಡುವ ರೀತಿಯನ್ನು ನೋಡಿ. ವಾರ ವಾರವೂ ಮನುಷ್ಯರೂಪದಲ್ಲಿ ಅಡಗಿರುವ ದುಷ್ಟನೊಬ್ಬನನ್ನು ಅಕ್ಕತಂಗಿಯರು ಗುರುತಿಸಿ ಮುಗಿಸುತ್ತಾರೆ. ವಿಚಾರಣೆ ಇಲ್ಲ. ಎಷ್ಟೋ ಸಲ ಸಾಕ್ಷಿ ಫೀಬಿಯ ಕಣ್ಣಿಗೆ ಮಾತ್ರ ಕಂಡ ದೃಶ್ಯ. ಸೇಲಂನ ನ್ಯಾಯಾಲಯ ಒಪ್ಪಿಕೊಂಡದ್ದೂ ಇಂಥದೇ ಸಾಕ್ಷಿಯನ್ನು: ಬೇರೆ ಯಾರಿಗೂ ಕಾಣದ ಆಕೃತಿಗಳು ಆ ಹುಡುಗಿಯರಿಗೆ ಕಂಡವಂತೆ. ಗವರ್ನರ್ ಫಿಪ್ಸ್ 1692ರ ಅಕ್ಟೋಬರಿನಲ್ಲಿ ಆ ನ್ಯಾಯಾಲಯವನ್ನೇ ಮುಚ್ಚಿಸಿದ. ಮುಂದಿನ ವರ್ಷ ಅಂಥ ಸಾಕ್ಷಿಯನ್ನು ಬದಿಗಿಟ್ಟು ವಿಚಾರಣೆ ನಡೆಸಿದಾಗ ಹೆಚ್ಚಿನವರು ಬಿಡುಗಡೆಯಾದರು. ಧಾರಾವಾಹಿಯಲ್ಲಿ ಫೀಬಿಗೆ ಕಂಡದ್ದನ್ನು ಬದಿಗಿಟ್ಟರೆ ಎಷ್ಟು ಕಂತುಗಳಿಗೆ ಕಥೆ ಉಳಿದೀತು?

ಟಿವಿಗೆ ಬೇರೆ ದಾರಿ ಇರಲಿಲ್ಲವೆಂದಲ್ಲ. 1985ರಲ್ಲಿ ಪಿಬಿಎಸ್‌ನಲ್ಲಿ ಬಂದ ‘ಥ್ರೀ ಸಾವರಿನ್ಸ್ ಫಾರ್ ಸಾರಾ’ ಇದೇ ಟೌನ್ ಅಕ್ಕತಂಗಿಯರ ಕಥೆ. ಸಾರಾ ಆಗಿ ನಟಿಸಿದ್ದು ವನೆಸಾ ರೆಡ್‌ಗ್ರೇವ್. ಅದರಲ್ಲಿ ಮಂತ್ರವಿಲ್ಲ, ನೆರೆಹೊರೆಯವರಿದ್ದಾರೆ. ಅದನ್ನು ನೆನೆಯುವವರು ಕಡಿಮೆ; ‘ಚಾರ್ಮ್ಡ್’ 2018ರಲ್ಲಿ ಹೊಸ ಮೂವರು ಅಕ್ಕತಂಗಿಯರೊಂದಿಗೆ ಮರುಹುಟ್ಟು ಪಡೆಯಿತು. ಸೇಲಂ ಊರಿನದೂ ಇದೇ ಕಥೆ. 1992ರಲ್ಲಿ ಸತ್ತವರ ಸ್ಮಾರಕ ಎದ್ದಿತು, ನಿಜ. ಆದರೆ ಅವರನ್ನು ನೇಣು ಹಾಕಿದ ಪ್ರಾಕ್ಟರ್ಸ್ ಲೆಜ್‌ನಲ್ಲಿ ಸ್ಮಾರಕ ಬಂದದ್ದು 2017ರಲ್ಲಿ. ಅದಕ್ಕೆ 12 ವರ್ಷ ಮೊದಲೇ, ಪೊರಕೆಯೇರಿ ಕೂತ ಟಿವಿ ಮಾಟಗಾತಿ ಸಮಂತಾಳ ಕಂಚಿನ ಪ್ರತಿಮೆ ಆ ಊರಿನ ನಡುವೆ ನಿಂತಿತ್ತು.

ಕನ್ನಡದಲ್ಲಿ ‘ಮಾಟಗಾತಿ’ ಇನ್ನೂ ಬೈಗುಳವೇ. ಜಾರ್ಖಂಡ್‌ನಲ್ಲಿ ಹೆಂಗಸೊಬ್ಬಳನ್ನು ಡಾಯನ್ ಎಂದು ಗುರುತಿಸುವುದೇ ಅಪರಾಧವೆಂದು 2001ರಲ್ಲಿ ಕಾನೂನು ಬಂತು, ಅಸ್ಸಾಂನಲ್ಲಿ 2015ರಲ್ಲಿ. ಇಂಥ ಕಾನೂನು ಬೇಕಾದದ್ದು ಆ ಮಾತಿನಿಂದ ಹೆಂಗಸರು ಸಾಯುತ್ತಿದ್ದುದರಿಂದ. ಜಾರ್ಖಂಡ್‌ನ ಛುಟ್ನಿ ದೇವಿ ಡಾಯನ್ ಎಂಬ ಆರೋಪದಿಂದ ಊರು ಬಿಟ್ಟವರು. ಅದೇ ಆರೋಪ ಹೊತ್ತ ಇತರ ಹೆಂಗಸರ ಬೆನ್ನಿಗೆ ನಿಂತದ್ದಕ್ಕೆ 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನೀನು ಒಳ್ಳೆಯ ಡಾಯನ್ ಎಂದು ಅವರಿಗೆ ಹೇಳಿ ನೋಡಿ.

‘ಚಾರ್ಮ್ಡ್’ ನೋಡಬೇಡಿ ಎನ್ನುತ್ತಿಲ್ಲ. ಅಕ್ಕತಂಗಿಯರ ಜಗಳಗಳು ಚೆನ್ನಾಗಿವೆ. ಅದನ್ನು ಸ್ತ್ರೀವಾದದ ಪಠ್ಯವೆಂದು ಸೆಮಿನಾರಿಗೆ ತರುವ ಮುನ್ನ ಮೇರಿ ಈಸ್ಟಿಯ ಅರ್ಜಿಯನ್ನು ಒಮ್ಮೆ ಓದಿ. ತಾನು ಸಾಯುವುದು ಖಚಿತವೆಂದು ತಿಳಿದೇ ಬರೆದದ್ದು. ಅದರಲ್ಲಿ ಅವಳು ತನ್ನ ಪ್ರಾಣಭಿಕ್ಷೆ ಕೇಳಲಿಲ್ಲ. ಇನ್ನು ಮುಂದೆ ನಿರಪರಾಧಿಗಳ ರಕ್ತ ಹರಿಯದಂತೆ ನೋಡಿಕೊಳ್ಳಿ ಎಂದಳು. ಅವಳಲ್ಲಿ ಯಾವ ಮಾಟವೂ ಇರಲಿಲ್ಲ.