ನಮ್ಮ ತೊಗರಿ, ಅಂಗಡಿಯ ಬೇಳೆ

ಸೋಯಾಬೀನ್ ರಾಶಿ ಮುಗಿದು ಅಡತಿಯಿಂದ ಪಟ್ಟಿ ಕೈಗೆ ಬಂದ ದಿನ ನಮ್ಮ ಕಡೆಯ ರೈತ ಮೊದಲು ಹೋಗುವುದು ಮನೆಗಲ್ಲ, ಕಿರಾಣಿ ಅಂಗಡಿಗೆ. ಬಿತ್ತನೆಯ ದಿನಗಳಿಂದ ಬರೆಸುತ್ತ ಬಂದ ಉದ್ರಿ ಲೆಕ್ಕ ಅಲ್ಲಿ ಕಾಯುತ್ತಿರುತ್ತದೆ. ಎಣ್ಣೆ, ಸಕ್ಕರೆ, ಚಹಾಪುಡಿ, ಸಾಬೂನು ಇರಲಿ, ಅವು ಬೇಕೇ ಬೇಕು. ಆದರೆ ಆ ವಹಿಯಲ್ಲಿ ತಿಂಗಳಿಗೆ ಆರು ಕಿಲೋ ತೊಗರಿ ಬೇಳೆಯೂ ಇರುತ್ತದೆ. ಉದಗೀರ, ಲಾತೂರಿನ ದಾಲ್ ಮಿಲ್ಲುಗಳಿಗೆ ತೊಗರಿ ಕಳಿಸುವವರು ನಾವೇ. ಪೊಟ್ಟಣದಲ್ಲಿ ಅದನ್ನು ಮರಳಿ ಕೊಂಡು ತರುವವರೂ ನಾವೇ.

ಮನೆಖರ್ಚು ತಗ್ಗಿಸುವ ದಾರಿಗಳನ್ನು ಬರೆಯಿರಿ ಎಂದು ಈ ಪುಟದ ಓದುಗರಾದ ಕೆಲವು ತಾಯಂದಿರು ಕೇಳಿದ್ದಾರೆ. ಒಂದು ಬೆಂಕಿಕಡ್ಡಿಯಲ್ಲಿ ಎರಡು ಒಲೆ ಹೊತ್ತಿಸುವ ಬುದ್ಧಿಯನ್ನು ಅವರಿಗೆ ನಾವು ಕಲಿಸಬೇಕಾಗಿಲ್ಲ. ಆ ಜಾಣತನದಲ್ಲಿ ನಮ್ಮ ಹೆಣ್ಣುಮಕ್ಕಳು ಯಾರಿಗೂ ಕಡಿಮೆಯಲ್ಲ. ರೈತನ ಮನೆಯ ದುಡ್ಡು ಮೊದಲು ಸೋರುವುದು ಕಣದಲ್ಲಿ ಎಂಬುದು ನಮ್ಮ ಅಭಿಪ್ರಾಯ. ಉಮರ್ಗಾ, ನಿಲಂಗಾ, ಉದಗೀರದ ಸುತ್ತಿನ ಕುಟುಂಬಗಳನ್ನು ಕಣ್ಣ ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇವೆ.

ಒಂದು ಲೆಕ್ಕ ಹಾಕೋಣ. ಐದು ಜನರ ಮನೆಯಲ್ಲಿ ದಿನಕ್ಕೆ 200 ಗ್ರಾಂ ಬೇಳೆ ಎಂದರೆ ವರ್ಷಕ್ಕೆ 73 ಕಿಲೋ. ಒಂದು ಕ್ವಿಂಟಲ್ ತೊಗರಿ ಒಡೆಸಿದರೆ ಎಪ್ಪತ್ತು ಕಿಲೋ ಆಸುಪಾಸು ಬೇಳೆ ಸಿಗುತ್ತದೆ. ಉಳಿದದ್ದು ನುಚ್ಚು, ಚುಣ್ಣಿ, ಹೊಟ್ಟು. ಅದು ಎಮ್ಮೆಯ ಬಾಯಿಗೆ ಹೋಗುತ್ತದೆಯೇ ಹೊರತು ತಿಪ್ಪೆಗಲ್ಲ. ಅಂದರೆ ಒಂದು ಕ್ವಿಂಟಲ್ ಪಕ್ಕಕ್ಕಿಟ್ಟರೆ ವರ್ಷದ ಬೇಳೆಯಾಯಿತು. 2025-26ಕ್ಕೆ ತೊಗರಿಯ ಬೆಂಬಲ ಬೆಲೆ 8,000 ರೂಪಾಯಿ. ಅದು ಎಲ್ಲರ ಕೈಗೂ ಸಿಗುವುದಿಲ್ಲವೆಂದು ನಿಮಗೂ ಗೊತ್ತು, ನಮಗೂ ಗೊತ್ತು. ಅಡತಿಯಲ್ಲಿ 6,500ಕ್ಕೆ ಹೋಯಿತು ಎನ್ನೋಣ. ಒಡೆಸುವ ಖರ್ಚು 500 ಸೇರಿಸಿದರೂ ಮನೆಯ ಬೇಳೆ ಕಿಲೋಗೆ ನೂರು ರೂಪಾಯಿಯ ಒಳಗೇ ಬೀಳುತ್ತದೆ. ಅಂಗಡಿಯಲ್ಲಿ 120 ಇದ್ದರೆ ವರ್ಷಕ್ಕೆ ಉಳಿಯುವುದು ಸಾವಿರದ ಐನೂರರಷ್ಟು.

ಇಷ್ಟೇನಾ ಎಂದು ನೀವು ಕೇಳಬಹುದು. ಒಳ್ಳೆಯ ವರ್ಷದಲ್ಲಿ ಇಷ್ಟೇ, ಹೆಚ್ಚು ಹೇಳಿ ಆಸೆ ಹಚ್ಚುವುದಿಲ್ಲ. ಆದರೆ ಕೆಟ್ಟ ವರ್ಷದ ಮಾತೇ ಬೇರೆ. ನಮ್ಮ ಮನೆಯದನ್ನೇ ಹೇಳುತ್ತೇವೆ. 2014ರ ಮಳೆ ಕೈಕೊಟ್ಟು ಬಂದದ್ದೇ ನಾಲ್ಕು ಚೀಲ ತೊಗರಿ. ಸಾಲದವರ ಬಾಯಿ ಮುಚ್ಚಿಸಲು ನಾಲ್ಕನ್ನೂ ಮಾರಿದೆವು. 2015ರಲ್ಲಿ ಮಳೆ ಮತ್ತೆ ಹೋಯಿತು. ಅದೇ ಬರಗಾಲದಲ್ಲಿ, 2016ರ ಏಪ್ರಿಲ್‌ನಲ್ಲಿ, ಮಿರಜದಿಂದ ಲಾತೂರಿಗೆ ಕುಡಿಯುವ ನೀರು ರೈಲಿನಲ್ಲಿ ಬಂತು. 2015ರ ಅಕ್ಟೋಬರ್ ಹೊತ್ತಿಗೆ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ತೊಗರಿ ಬೆಳೆಯುವ ನಾವು ಆ ವರ್ಷ ತಿಂಗಳುಗಟ್ಟಲೆ ಖಾರದ ನೀರಿಗೆ ಚಿಟಿಕೆ ಬೇಳೆ ತೋರಿಸಿ ಉಂಡೆವು. ಮರುವರ್ಷ ಎಲ್ಲರೂ ತೊಗರಿಯನ್ನೇ ಬಿತ್ತಿದರು. 2017ರ ಆರಂಭದಲ್ಲಿ ದರ 5,050ರ ಬೆಂಬಲ ಬೆಲೆಗಿಂತ ಕೆಳಗಿಳಿದು, ಖರೀದಿ ಕೇಂದ್ರಗಳ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿದವು. ಮಾರುಕಟ್ಟೆಯ ಈ ಉಯ್ಯಾಲೆಯನ್ನು ನಾವು ನಿಲ್ಲಿಸಲಾರೆವು. ಮನೆಯ ಊಟವನ್ನಾದರೂ ಅದರಿಂದ ಕೆಳಗಿಳಿಸಬಹುದಲ್ಲ?

ನಮ್ಮ ಹಿರಿಯರು ಹೀಗೆ ಕೊಂಡು ತಿನ್ನುತ್ತಿರಲಿಲ್ಲ. ಜೋಳ ಹಗೇವಿನಲ್ಲಿರುತ್ತಿತ್ತು, ಕಾಳು ಗಡಿಗೆಯಲ್ಲಿ, ಬೀಸುಕಲ್ಲು ಪಡಸಾಲೆಯಲ್ಲಿ. ಈಗೇಕೆ ಇಲ್ಲ ಎಂದರೆ ಸೋಮಾರಿತನ ಎಂದು ಬೈಯುವವರಿದ್ದಾರೆ. ನಾವು ಹಾಗೆ ಹೇಳಲಾರೆವು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯ ಸುತ್ತ ಭೂಮಿ ನಡುಗಿದಾಗ ಔಸಾ, ಉಮರ್ಗಾ ತಾಲೂಕುಗಳ ಕಲ್ಲು ಮಣ್ಣಿನ ಗೋಡೆಗಳು ಸಾವಿರಾರು ಜನರ ಮೇಲೆ ಬಿದ್ದವು. ಅವರ ಜೊತೆಗೆ ಹಗೇವು, ಅಟ್ಟ, ಕಣಜಗಳೂ ಹೋದವು. ಹೊಸ ಊರುಗಳಲ್ಲಿ ಜಮೀನಿನ ಪ್ರಮಾಣ ನೋಡಿ 250, 400, 750 ಚದರ ಅಡಿಯ ಮನೆಗಳನ್ನು ಕಟ್ಟಿಕೊಟ್ಟರು. ಗಟ್ಟಿ ಮನೆಗಳು, ಒಳ್ಳೆಯದೇ ಆಯಿತು. ಆದರೆ 250 ಅಡಿಯಲ್ಲಿ ಮಂಚ ಹಾಕಬೇಕೋ, ಕಾಳಿನ ಚೀಲ ಇಡಬೇಕೋ? ಭೂಕಂಪ ಮುಟ್ಟದ ಊರುಗಳಲ್ಲೂ ಈಗಿನ ಸ್ಲ್ಯಾಬ್ ಮನೆಗೆ ಕಾಳಿನ ಕೋಣೆ ಇಟ್ಟು ಕಟ್ಟುವವರು ಕಡಿಮೆ. ಹೊಸ ಮನೆ ಕಟ್ಟುವವರಿಗೆ ನಮ್ಮ ಬಿನ್ನಹ: ಹಾಲ್‌ನಲ್ಲಿ ಎರಡು ಅಡಿ ಕಡಿಮೆ ಮಾಡಿ, ನೆಲದಿಂದ ಮೇಲೆತ್ತಿದ ಒಂದು ಕಟ್ಟೆಯನ್ನು ಕಾಳಿಗೆಂದು ಬಿಡಿ.

ಬೇಳೆಗಿಂತ ದೊಡ್ಡ ತೂತು ಎಣ್ಣೆಯದು. ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಅಲ್ಲಿಯ ದರ ಏರಿದರೆ, ಇಲ್ಲಿಯ ಆಮದು ಸುಂಕ ಬದಲಾದರೆ ನಮ್ಮ ಒಗ್ಗರಣೆ ತುಟ್ಟಿಯಾಗುತ್ತದೆ. ನಾವು ಬೆಳೆಯುವ ಸೋಯಾಬೀನ್‌ನಲ್ಲೂ ಎಣ್ಣೆಯಿದೆ, ನೂರಕ್ಕೆ ಹದಿನೆಂಟರಷ್ಟು. ಆದರೆ ಅದು ಊರ ಗಾಣಕ್ಕೆ ಬಗ್ಗುವ ಕಾಳಲ್ಲ. ದೊಡ್ಡ ಕಾರ್ಖಾನೆಗೇ ಹೋಗಬೇಕು, ಅಲ್ಲಿಂದ ಪಾಕೀಟಿನಲ್ಲೇ ಬರಬೇಕು. ಹಿಂದೆ ಹಿಂಗಾರಿ ಜೋಳದ ಹೊಲದ ಅಂಚಿಗೆ ಕುಸುಬಿಯ ಸಾಲು ಹಾಕುತ್ತಿದ್ದರು. ಮುಳ್ಳಿಗೆ ಹೆದರಿ ದನ ಒಳಗೆ ಬರುತ್ತಿರಲಿಲ್ಲ. ಬೇಲಿಗೆ ಬೇಲಿ, ಎಣ್ಣೆಗೆ ಎಣ್ಣೆ. ಆಹಾರ ತಜ್ಞರ ಮಾತಿನಂತೆ ಒಬ್ಬರಿಗೆ ತಿಂಗಳಿಗೆ ಅರ್ಧ ಕಿಲೋ ಎಣ್ಣೆ ಸಾಕು. ಐದು ಜನರಿಗೆ ವರ್ಷಕ್ಕೆ 30 ಕಿಲೋ. ಗಾಣದಲ್ಲಿ ಒಂದು ಕ್ವಿಂಟಲ್ ಕುಸುಬಿ ಹೆಚ್ಚುಕಡಿಮೆ ಅಷ್ಟನ್ನು ಕೊಡುತ್ತದೆ. ಹಿಂಡಿ ದನಕ್ಕೆ. ಮುಳ್ಳಿನ ಕೊಯ್ಲಿಗೆ ಆಳು ಬರುವುದಿಲ್ಲ ಎಂಬ ದೂರು ನಿಜ. ಫಲಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಮುಳ್ಳಿಲ್ಲದ ‘ನಾರಿ-6’ ತಳಿಯನ್ನು ಹೊರತಂದಿದೆ. ಅದು ದನ ತಡೆಯುವುದಿಲ್ಲ, ಆದರೆ ಕೈಯನ್ನೂ ಚುಚ್ಚುವುದಿಲ್ಲ.

ಜೋಳದ ಮಾತು ಸಣ್ಣದಾಗಿ ಹೇಳಿ ಮುಗಿಸುತ್ತೇವೆ. 2023ರ ಜನವರಿಯಿಂದ ಆಹಾರ ಭದ್ರತೆ ಕಾಯಿದೆಯ ಕಾರ್ಡುದಾರರಿಗೆ ತಲೆಗೆ 5 ಕಿಲೋ ಧಾನ್ಯ ಪುಕ್ಕಟೆ ಸಿಗುತ್ತಿದೆ. ಅದನ್ನು ಬಿಡಬೇಡಿ, ಗಲ್ಲಿಗೆ ಬರುವ ವ್ಯಾಪಾರಿಗೆ ಮಾರಲೂ ಬೇಡಿ. ಆದರೆ ಅಕ್ಕಿ, ಗೋಧಿ ಪುಕ್ಕಟೆ ಎಂದು ಮಾಲದಂಡಿ ಬಿತ್ತುವುದನ್ನೇ ಬಿಟ್ಟ ಮನೆಗಳು ಈಗ ಕಣಿಕೆಯನ್ನು ಸೂಡಿನ ಲೆಕ್ಕದಲ್ಲಿ ಕೊಳ್ಳುತ್ತಿವೆ, ರೊಟ್ಟಿಗೆ ಜೋಳವನ್ನೂ ಕೊಳ್ಳುತ್ತಿವೆ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಕೂತು ಉಣ್ಣುವ ಭಜ್ಜಿಯ ಹಸಿ ಕಾಳನ್ನು ಸಂತೆಯಿಂದ ತಂದು ಹೊಲಕ್ಕೆ ಒಯ್ಯುವವರನ್ನು ನಾವು ನೋಡಿದ್ದೇವೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇನ್ನು ಉದ್ರಿ. ಅಂಗಡಿಕಾರನನ್ನು ನಾವು ದೂರುವುದಿಲ್ಲ. ಐದು ತಿಂಗಳು ದುಡ್ಡಿಗೆ ಕಾಯುವವನು ಕಿಲೋಗೆ ಎರಡು ಮೂರು ರೂಪಾಯಿ ಏರಿಸಿಯೇ ಬರೆಯುತ್ತಾನೆ. ಕಷ್ಟಕ್ಕೆ ಆಗುವವನೂ ಅವನೇ. ಆದರೆ ಉದ್ರಿ ತೀರಿಸಲೆಂದೇ ರಾಶಿಯಾದ ವಾರದಲ್ಲಿ, ಎಲ್ಲರ ಮಾಲೂ ಒಟ್ಟಿಗೆ ಬಂದು ದರ ಬಿದ್ದ ಹೊತ್ತಿನಲ್ಲಿ, ಎಲ್ಲವನ್ನೂ ಮಾರುತ್ತೇವೆ. ತಿನ್ನುವುದು ತುಟ್ಟಿ, ಮಾರುವುದು ಅಗ್ಗ, ಎರಡೂ ಕಡೆ ಪೆಟ್ಟು. ಬಾಜಾರ ಸಮಿತಿಗಳ ಮೂಲಕ ನಡೆಯುವ ಶೇತಮಾಲ ತಾರಣ ಯೋಜನೆಯಲ್ಲಿ ಮಾಲನ್ನು ಗೋದಾಮಿನಲ್ಲಿಟ್ಟು ಅದರ ಬೆಲೆಯ 75 ಪ್ರತಿಶತದವರೆಗೆ, ಆರು ತಿಂಗಳಿಗೆ, ವರ್ಷಕ್ಕೆ 6ರ ಬಡ್ಡಿಯಲ್ಲಿ ಹಣ ಪಡೆಯಬಹುದು. ಎಲ್ಲ ಸಮಿತಿಗಳೂ ಇದನ್ನು ನಡೆಸುವುದಿಲ್ಲ, ನಿಮ್ಮಲ್ಲಿ ಹೋಗಿ ಕೇಳಿ. ಒಂದು ವರ್ಷ ಹೇಗಾದರೂ ಮಾಡಿ ವಹಿಯಿಂದ ಹೊರಬಂದರೆ, ಸೋಯಾಬೀನ್ ದುಡ್ಡಿನಲ್ಲಿ ಒಂದು ಪಾಲು ತೆಗೆದಿಟ್ಟು, ನಾಲ್ಕು ಮನೆಯವರು ಕೂಡಿ ಹೋಲ್‌ಸೇಲ್ ಅಂಗಡಿಯಲ್ಲಿ ರೋಖಕ್ಕೆ ಮೂರು ತಿಂಗಳ ಸಾಮಾನು ತರಬಹುದು.

ತರುವಾಗ ಕಣ್ಣು ತೆರೆದಿರಲಿ. ಎಣ್ಣೆಯ ಡಬ್ಬಿ 15 ಕಿಲೋದ್ದೂ ಇದೆ, 15 ಲೀಟರಿನದ್ದೂ ಇದೆ, ನೋಡಲು ಅಣ್ಣತಮ್ಮಂದಿರು. ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುವುದರಿಂದ ಎರಡನೆಯದರಲ್ಲಿ ಒಂದೂಕಾಲು ಕಿಲೋಗಿಂತ ಹೆಚ್ಚು ಕಡಿಮೆ ಇರುತ್ತದೆ. ಲೀಟರಿನಂತೆ ಕಾಣುವ ಪಾಕೀಟಿನಲ್ಲಿ 800 ಗ್ರಾಂ, 750 ಗ್ರಾಂ ಇರುವುದೂ ಉಂಟು. ಬೆಲೆಗೆ ಮೊದಲು ತೂಕ ಓದಿ. ಓದಲು ಬಾರದ ಅತ್ತೆಯ ಜೊತೆ ಶಾಲೆಗೆ ಹೋಗುವ ಮೊಮ್ಮಗಳನ್ನು ಕಳಿಸಿ. ಸಾಬೂನು, ಶಾಂಪೂ, ಬಿಸ್ಕೀಟಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18ರಿಂದ 5ಕ್ಕೆ ಇಳಿದಿದೆ ಎಂಬುದೂ ನೆನಪಿರಲಿ.

ಗಂಡಸರಿಗೂ ಒಂದು ಮಾತು, ಕೋಪ ಮಾಡಿಕೊಳ್ಳಬಾರದು. ಮನೆಖರ್ಚು ಎಂದ ಕೂಡಲೇ ನಾವು ಅಡುಗೆಮನೆಯ ಕಡೆ ನೋಡುತ್ತೇವೆ. ಸ್ಟ್ಯಾಂಡಿನಲ್ಲಿ ದಿನಕ್ಕೆ ಎರಡು ಚಹಾ, ಒಂದಕ್ಕೆ ಹತ್ತು ರೂಪಾಯಿ ಎಂದರೂ ವರ್ಷಕ್ಕೆ 7,300. ಮೇಲೆ ಹೇಳಿದ ಬೇಳೆಯ ಉಳಿತಾಯದ ನಾಲ್ಕು ಪಟ್ಟಿಗಿಂತ ಹೆಚ್ಚು. ತಂಬಾಕು, ಗುಟಕಾ ಇದರಲ್ಲಿ ಸೇರಿಲ್ಲ. ಗುಟಕಾ ಮಹಾರಾಷ್ಟ್ರದಲ್ಲಿ 2012ರಿಂದ ನಿಷೇಧ, ಆದರೂ ಯಾರ ಕಿಸೆಯಲ್ಲಿ ಏನಿದೆ ಎಂಬುದು ಅವರವರಿಗೆ ಗೊತ್ತು. ಈ ಖರ್ಚನ್ನೂ ಅದೇ ವಹಿಯಲ್ಲಿ ಬರೆಯಿರಿ. ಒಂದು ತಿಂಗಳು ಬರೆದು ನೋಡಿದರೆ ಸಾಕು.

ಉಳಿತಾಯ ಮಾಡಬಾರದ ಜಾಗವೂ ಇದೆ. ಕೈ ಬಿಗಿಯಾದಾಗ ಮೊದಲು ಹಗುರಾಗುವುದು ಮನೆಯ ಹೆಂಗಸಿನ ತಟ್ಟೆ. ಎಲ್ಲರೂ ಉಂಡ ಮೇಲೆ ಉಳಿದ ರೊಟ್ಟಿ, ತಳದ ತಿಳಿ ಸಾರು ಅವಳಿಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮಹಾರಾಷ್ಟ್ರದ ಹೆಂಗಸರಲ್ಲಿ ನೂರಕ್ಕೆ 54 ಮಂದಿಗೆ ರಕ್ತ ಕಡಿಮೆ ಇದ್ದದ್ದು ಕಂಡುಬಂತು. ಬೇಳೆಯಲ್ಲಿ, ಮಕ್ಕಳ ಹಾಲಿನಲ್ಲಿ, ಬಸುರಿಯ ಮೊಟ್ಟೆಯಲ್ಲಿ ಉಳಿಸಿದ ದುಡ್ಡನ್ನು ದವಾಖಾನೆಯಲ್ಲಿ ಎಣಿಸಬೇಕಾಗುತ್ತದೆ. ಹಿತ್ತಲಲ್ಲಿ ನುಗ್ಗೆ, ಪುಂಡಿ, ನಾಲ್ಕು ಕೋಳಿ ಇದ್ದರೆ ಈ ಖರ್ಚೂ ಹಗುರ.

ಜನವರಿಯಲ್ಲಿ ತೊಗರಿ ರಾಶಿಯಾದಾಗ ಒಂದು ಕ್ವಿಂಟಲ್ ತೆಗೆದಿಡುವವರಿಗೆ ಎರಡು ಸೂಚನೆ. ಕಾಳನ್ನು ಮೂರು ನಾಲ್ಕು ದಿನ ಒಳ್ಳೆಯ ಬಿಸಿಲಿಗೆ ಹಾಕಿ. ಹಲ್ಲಿನಲ್ಲಿ ಕಚ್ಚಿದರೆ ಕಟಕ್ಕೆಂದು ಒಡೆಯಬೇಕು, ಮೆತ್ತಗಿದ್ದರೆ ಹುಳಕ್ಕೆ ಕರೆ ಕೊಟ್ಟಂತೆ. ಆರಿದ ಮೇಲೆ ಒಣ ಬೇವಿನ ಸೊಪ್ಪು ಬೆರೆಸಿ, ಬಾಯಿ ಬಿಗಿಯಾದ ಡಬ್ಬಿಯಲ್ಲಿ, ಗೋಡೆಗೆ ತಾಗದಂತೆ ಇಡಿ. ಬೇಸಿಗೆಯಲ್ಲೇ ಒಡೆಸಿಕೊಳ್ಳಿ. ಮನೆಯಲ್ಲಿ ಮಾಡುವವರು ಕಾಳನ್ನು ನೆನೆಸಿ, ಕೆಮ್ಮಣ್ಣು ಹಚ್ಚಿ, ಒಂದು ರಾತ್ರಿ ಗುಡ್ಡೆ ಹಾಕಿ, ಒಣಗಿಸಿ, ಮಣ್ಣು ಸಾಣಿಸಿ ಬೀಸುಕಲ್ಲಿಗೆ ಹಾಕುವ ಹಳೆಯ ಪದ್ಧತಿ ನಿಮ್ಮ ಅಜ್ಜಿಯರಿಗೆ ಗೊತ್ತಿದೆ, ಕೇಳಿಕೊಳ್ಳಿ. ಅಷ್ಟು ಪುರಸೊತ್ತಿಲ್ಲದವರಿಗೆ ಅಕೋಲಾದ ಕೃಷಿ ವಿದ್ಯಾಪೀಠ ರೂಪಿಸಿದ ಮಿನಿ ದಾಲ್ ಮಿಲ್ಲಿನಂಥ ಯಂತ್ರ ಹತ್ತಿರದಲ್ಲಿದ್ದರೆ ಸಾಕು. ಒಡೆಸಿದ ಮೇಲೆ ಚುಣ್ಣಿಯನ್ನು ಮಿಲ್ಲಿನಲ್ಲೇ ಬಿಟ್ಟು ಬರಬೇಡಿ, ಚೀಲ ಜೊತೆಗೆ ಒಯ್ದಿರಿ.